ಬಾನೆಟ್ಟಿನೊಳಗಿನ ಹೆಸರು

ತೊಂಬತ್ತೊಂಬತ್ತರಲ್ಲಿ, ಎಂಟನೇ ಕ್ಲಾಸಿಗೆ, ನಾನು ಓದು ಬಿಟ್ಟೆ. ಹತ್ತು ವರ್ಷ ಪಂಕ್ಚರ್ ಅಂಗಡಿಯಲ್ಲಿ ದುಡಿದು, ಚಳ್ಳಕೆರೆಯಲ್ಲಿ ಕಾರಿನ ಎಸಿ ರಿಪೇರಿ ಮಾಡುತ್ತಿದ್ದ ಉಸ್ತಾದರ ಬಳಿ ಸೇರಿದ ದಿನ ಮೊದಲು ಕಣ್ಣಿಗೆ ಬಿದ್ದದ್ದು ಅವರ ಎಡಗೈ ಹೆಬ್ಬೆರಳು. ಗ್ಯಾಸು ಚಿಮ್ಮಿ ಸುಟ್ಟು, ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಪೈಪು ಎಷ್ಟು ತಣ್ಣಗಾಗಿದೆ ಎಂದು ಆ ಬೆರಳಿನಿಂದಲೇ ಮುಟ್ಟಿ ನೋಡುತ್ತಿದ್ದರು.

ಹಳೆಯ ಕಾರುಗಳ ಎಸಿಗೆ ಹಾಕುತ್ತಿದ್ದ ಗ್ಯಾಸು ಸಿಗುವುದು ನಿಂತಿತ್ತು. ಅವನ್ನು ಹೊಸ ಗ್ಯಾಸಿಗೆ ಒಗ್ಗಿಸುವ ಕೆಲಸ ನಮ್ಮ ಸುತ್ತಮುತ್ತ ಅವರೊಬ್ಬರಿಗೇ ಗೊತ್ತಿತ್ತು. ಕಂಪ್ರೆಸರ್ ಬಿಚ್ಚಿ, ತಲೆಕೆಳಗು ಮಾಡಿ, ಕೊನೆಯ ಹನಿಯವರೆಗೆ ಎಣ್ಣೆಯನ್ನು ತಟ್ಟೆಗೆ ಇಳಿಸಬೇಕು.

“ಹಳೆ ಎಣ್ಣೆ ಹೊಸ ಗ್ಯಾಸಿಗೆ ಸೇರಲ್ಲ ಕಣ್ಲೇ. ಒಳಗೆ ಉಳೀತು ಅಂದ್ರೆ ಕಂಪ್ರೆಸರ್ ಹಿಡ್ಕಂಡು ಸಾಯ್ತೈತೆ.”

ಕೆಲಸ ಮುಗಿದ ಮೇಲೆ ಬಾನೆಟ್ಟಿನೊಳಗೆ ಒಂದು ಚೀಟಿ: ಯಾವ ಗ್ಯಾಸು, ಎಷ್ಟು, ಮಾಡಿದವರು ಯಾರು. ನಾಲ್ಕು ವರ್ಷ ಬೋಲ್ಟು ಬಿಚ್ಚಿದ್ದು ನಾನು, ಚೀಟಿಯಲ್ಲಿ ಹೆಸರು ಅವರದು. ಕೇಳಿದರೆ, “ನಿನ್ ಅಕ್ಷರ ಕೋಳಿ ಕೆದರಿದಂಗೈತೆ, ಯಾವನು ಓದ್ತಾನೆ?” ಎಂದು ನಗುತ್ತಿದ್ದರು.

ಒಂದು ದಿನ ಮೊಳಕಾಲ್ಮೂರಿನ ಸೀರೆ ವ್ಯಾಪಾರಿಯೊಬ್ಬರು ತಮ್ಮ ತಂದೆಯ ಕಾಲದ ಬಿಳಿ ಅಂಬಾಸಿಡರ್ ತಂದು, ಎಸಿ ಸಂಜೆಯೊಳಗೆ ಆಗಬೇಕು ಎಂದರು. ನಾನು ಬೇರೆ ಗಾಡಿ ನೋಡಲು ಕುದಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಉಸ್ತಾದರು ಕೈ ಒರೆಸಿಕೊಳ್ಳುತ್ತಿದ್ದರು.

“ಎಲ್ಲಾ ಆಗೈತೆ, ಗ್ಯಾಸ್ ತುಂಬು. ಈ ಸಲ ನಿನ್ ಹೆಸ್ರೇ ಬರಿ.”

ಎಣ್ಣೆಯ ತಟ್ಟೆ ಒಣಗಿತ್ತು. ನೋಡಿದೆ. ಕೇಳಲಿಲ್ಲ. ನಾಲಗೆ ಕಚ್ಚಿಕೊಂಡು, ದುಂಡಗೆ, ನನ್ನ ಹೆಸರು ಬರೆದೆ.

ವಾರ ಕಳೆಯುವುದರೊಳಗೆ ದೇವಸಮುದ್ರದ ದಾರಿಯಲ್ಲಿ ಕಂಪ್ರೆಸರ್ ತಿರುಗದೆ ಹಿಡಿದುಕೊಂಡು ಬೆಲ್ಟು ಹರಿಯಿತು. ವ್ಯಾಪಾರಿ ಕಾರನ್ನು ಎಳೆಸಿಕೊಂಡು ಬಂದು, ಬಾನೆಟ್ ಎತ್ತಿ, ಚೀಟಿಯ ಮೇಲೆ ಬೆರಳಿಟ್ಟರು. “ಯಾರ್ರೀ ಇವನು?”

ಉಸ್ತಾದರು ನನ್ನತ್ತ ತಿರುಗಲೂ ಇಲ್ಲ. “ಓದಿಲ್ಲ ಸಾವ್ಕಾರ್ರೆ. ಗ್ಯಾಸ್ ಡಬ್ಬಿ ಮೇಲೆ ಬರ್ದಿದ್ದು ಓದಾಕೆ ಬರಲ್ಲ. ಎಣ್ಣೆ ಇಳಿಸೋದು ಮರ್ತವ್ನೆ.”

“ಬಿಚ್ಚಿದೋರು ನೀವಲ್ವಾ, ಉಸ್ತಾದ್?” ಎಂದೆ.

“ಚೀಟಿ ನೋಡಲೇ.”

ಸ್ಪ್ಯಾನರು ಕೆಳಗಿಟ್ಟು ಹೊರಗೆ ಬಂದೆ. ಮತ್ತೆ ಅವರ ಮುಂದೆ ನಿಂತದ್ದು ಅವರು ಸತ್ತ ದಿನ. ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. “ನೀನಿದ್ದಾಗ್ಲೇ ಕೈ ನಡುಗ್ತಿದ್ವಪ್ಪ. ಬೋಲ್ಟ್ ಬಿಚ್ಚಾಕೆ ಆಗ್ತಿರ್ಲಿಲ್ಲ. ನಿನಗೆ ಮಾತ್ರ ಗೊತ್ತಾಗಬಾರ್ದು ಅಂತಿದ್ರು.”

ಒಂದು ಮಾತು ಹೇಳಿದ್ದರೆ ನಾನೇ ಬಿಚ್ಚುತ್ತಿದ್ದೆ. ಚೀಟಿಯಲ್ಲಿ ಅವರ ಹೆಸರೇ ಬರೆಯುತ್ತಿದ್ದೆ. ಆ ಬಿಳಿ ಹೆಬ್ಬೆರಳು ಎದೆಯ ಮೇಲೆ ನಡುಗದೆ ಇತ್ತು. ನನ್ನ ಸಿಟ್ಟು ಅಲ್ಲೂ ಇಳಿಯಲಿಲ್ಲ.

ಕೆಲಸ ಕಲಿಸಿದ್ದು ಅವರೇ, ಇಲ್ಲ ಅನ್ನುವುದಿಲ್ಲ. ಈಗ ನನ್ನದೇ ಒಂದು ಶೆಡ್ಡು, ಒಂದು ಪಂಪು, ಎರಡು ಗೇಜು; ನನ್ನ ಹೆಸರಿನ ಚೀಟಿ ಹೊತ್ತು ಓಡುವ ಗಿರಾಕಿಗಳ ಹಳೆಯ ಕಾರು ಮೂವತ್ತೊಂದು. ಆ ಬಿಳಿ ಅಂಬಾಸಿಡರನ್ನು ಎಣಿಸಿಲ್ಲ.