ಹಲ್ಲಪ್ಪ ಕಟ್ಟಬೇಕಾದ ಜೀವನಾಂಶ

ಹಲ್ಲಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಸಣ್ಣ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಮೇಣದ ಮೇಲೆ ಹಲ್ಲು ಜೋಡಿಸುತ್ತ ಕೂತವನಿಗೆ ಬೀದಿಯವರು ಕಟ್ಟಿದ ಹೆಸರು ಅದು. ಯಾರಾದರೂ ನಕ್ಕರೆ ಅವನು ಮುಖ ನೋಡುತ್ತಿರಲಿಲ್ಲ, ಹಲ್ಲು ನೋಡುತ್ತಿದ್ದ. ಸಂಸಾರ ಮುರಿದುಬಿದ್ದದ್ದಕ್ಕೆ ಅದೂ ಒಂದು ಕಾರಣ. "ಹನ್ನೊಂದು ವರ್ಷದಲ್ಲಿ ಒಂದಿನ ಆದ್ರೂ ನನ್ನ ಕಣ್ಣು ನೋಡಿ ಮಾತಾಡಿದೀರಾ?" ಎಂದು ಕೇಳಿ ಹೆಂಡತಿ ಮಗಳನ್ನು ಕರೆದುಕೊಂಡು ಎರಡು ಬೀದಿ ಆಚೆ ಬೇರೆ ಮನೆ ಮಾಡಿದಳು.

ಬೇರೆಯಾದ ಮೇಲೆ ಇಬ್ಬರಿಗೂ ಜಗಳವಾಡಲು ವಿಷಯವೇ ಉಳಿಯಲಿಲ್ಲ. ಅವಳಿಗೆ ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ಅರ್ಧ ದಿನದ ಕೆಲಸ. ಸಂಬಳ ಕಮ್ಮಿ ಎಂದು ಸರ್ಕಾರದಿಂದ ಒಂದಿಷ್ಟು ಸಹಾಯಧನ. ಒಂಬತ್ತು ವರ್ಷದ ಮಗಳು ಗುಬ್ಬಿ ವಾರದಲ್ಲಿ ಐದು ದಿನ ಅಮ್ಮನ ಮನೆಯಲ್ಲಿ, ಎರಡು ದಿನ ಅಪ್ಪನ ಮನೆಯಲ್ಲಿ. ಸಂಬಳದ ಎಂಟನೇ ಒಂದು ಪಾಲನ್ನು ಹಲ್ಲಪ್ಪ ಮಗಳ ಜೀವನಾಂಶವೆಂದು ಸಹಾಯಧನ ಕೊಡುವ ಕಚೇರಿಗೇ ಕಟ್ಟುತ್ತಿದ್ದ, ಕಚೇರಿ ಅದನ್ನು ತಾಯಿಗೆ ತಲುಪಿಸುತ್ತಿತ್ತು.

ಹೀಗಿರುವಾಗ ಕಾರ್ಖಾನೆಗೆ ಹಲ್ಲನ್ನು ತಾನೇ ಅಚ್ಚು ಹಾಕುವ ಯಂತ್ರ ಬಂತು. ಹಲ್ಲಪ್ಪನ ಆರು ದಿನದ ಕೆಲಸ ಮೂರು ದಿನಕ್ಕಿಳಿಯಿತು. ಅವನಿಗೂ ಸಹಾಯಧನ ಮಂಜೂರಾಯಿತು. ಆದಾಯ ಬದಲಾದರೆ ತಿಳಿಸಬೇಕೆಂಬ ನಿಯಮವಿತ್ತು. ತಲೆ ಬಾಚಿಕೊಂಡು ಹೋಗಿ ತಿಳಿಸಿದ.

ಕೌಂಟರಿನಾಕೆ ಕಂಪ್ಯೂಟರಿನಲ್ಲಿ ನೋಡಿ ಹೇಳಿದಳು: "ಸಹಾಯಧನ ತಗೊಳ್ಳೋರಿಗೆ ಪಾಲು ಗೀಲು ಇಲ್ಲ. ಒಂದೇ ದರ." ಹೇಳಿದ ಮೊತ್ತ ಕೇಳಿ ಹಲ್ಲಪ್ಪ ಬೆಪ್ಪಾದ.

"ಮೇಡಂ, ಇದಕ್ಕೆ ಒಂದು ಜೊತೆ ಕಾಲುಚೀಲ ಬರುತ್ತೆ, ಅಷ್ಟೇ."

"ವಾರವಾರ ಬರುತ್ತಲ್ಲ."

"ಇನ್ನೂ ಕೊಡೋ ಶಕ್ತಿ ಇದೆ ನನಗೆ. ಒಂಟಿ ಮನುಷ್ಯ, ಖರ್ಚು ಕಮ್ಮಿ."

ಆಕೆ ಕೀಲಿಮಣೆಯಿಂದ ಕೈ ತೆಗೆದಳು. "ಶಕ್ತಿ ಇದ್ರೆ ಸಹಾಯಧನ ಯಾಕೆ ತಗೊಂಡ್ರಿ? ನೋಡಿ, ಹೆಚ್ಚಿಗೆ ಕೊಟ್ರೆ ಅದು ಜೀವನಾಂಶ ಅಲ್ಲ, ಉಡುಗೊರೆ. ಉಡುಗೊರೆ ಅಂದ್ರೆ ಆಯಮ್ಮನ ಆದಾಯ. ಅಷ್ಟೂ ಅವರ ಸಹಾಯಧನದಲ್ಲಿ ಕಡಿತ. ಉಡುಗೊರೆ ಕೊಡೋವಷ್ಟು ಇರೋರಿಗೆ ಸಹಾಯಧನ ಬೇಡ, ನಿಮ್ಮದೂ ಬಂದ್. ಅದು ಬಂದ್ ಆದ್ರೆ ಕೊಡೋಕೆ ನಿಮ್ಮ ಹತ್ರ ದುಡ್ಡಿರಲ್ಲ."

"ಆಗ?"

"ಆಗ ಮತ್ತೆ ಸಹಾಯಧನಕ್ಕೆ ಅರ್ಜಿ ಹಾಕಿ."

ಸಂಜೆ ಮಗಳನ್ನು ಬಿಡಲು ಹೋದವನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಗುಬ್ಬಿಯ ಅಮ್ಮ ನಕ್ಕುಬಿಟ್ಟಳು. "ವಾರಕ್ಕೊಂದು ಜೊತೆ ಕಾಲುಚೀಲ! ನಮ್ಮ ಮಗಳೇನು ಸಾವಿರ ಕಾಲಿನ ಹುಳವೇನ್ರೀ? ನಡೀರಿ, ನಾನೂ ಬರ್ತೀನಿ."

ಮಂಗಳವಾರ ಇಬ್ಬರೂ, ಹೆಚ್ಚಿಗೆ ಕೊಡಲು ಬಿಡಿ ಎಂದು ಅರ್ಜಿ ಬರೆದುಕೊಂಡು ಹೋದರು. ಸರದಿ ಬರಲು ಎರಡು ಗಂಟೆ ಹಿಡಿಯಿತು. ಅವಳು ತಂದಿದ್ದ ಫ್ಲಾಸ್ಕಿನ ಚಹಾವನ್ನು ಒಂದೇ ಮುಚ್ಚಳದಲ್ಲಿ ಸರದಿಯ ಮೇಲೆ ಕುಡಿದರು. ಅವನ ಕಾಲರಿಗೆ ಅಂಟಿದ್ದ ಅಚ್ಚಿನ ಪುಡಿಯನ್ನು ಅವಳು ಮಾತಾಡುತ್ತಲೇ ಒರೆಸಿದಳು. ಗಾಜಿನಾಚೆಯಿಂದ ಕೌಂಟರಿನಾಕೆ ಇದನ್ನೆಲ್ಲ ನೋಡಿದಳು. ಇವರ ಸರದಿ ಬಂದಾಗ ಅರ್ಜಿ ಓದಲೇ ಇಲ್ಲ, "ಒಟ್ಟಿಗೆ ಬಂದಿದೀರಾ?" ಎಂದಷ್ಟೇ ಕೇಳಿ ಏನೋ ಬರೆದುಕೊಂಡಳು.

ಹತ್ತು ದಿನಕ್ಕೆ ಪತ್ರ ಬಂತು. ತಾವಿಬ್ಬರೂ ಒಂದೇ ಸಂಸಾರವಾಗಿ ಬಾಳುತ್ತಿರುವ ಸಂಶಯವಿರುವುದರಿಂದ ಗುರುವಾರ ಬೆಳಿಗ್ಗೆ ಮಗುವಿನ ತಾಯಿಯ ಮನೆಗೆ ತಪಾಸಣೆಯವರು ಬರುತ್ತಾರೆ, ಇಬ್ಬರೂ ಹಾಜರಿರತಕ್ಕದ್ದು.

"ಅವರ ಎದುರಿಗೆ ಜಗಳ ಆಡಿಬಿಡೋಣ. ನಂಬ್ತಾರೆ" ಎಂದಳು ಅವಳು. ಬುಧವಾರ ಸಂಜೆ ಅಭ್ಯಾಸಕ್ಕೆ ಕೂತರು. ಬೈಗುಳವೇ ಬಾಯಿಗೆ ಬರಲೊಲ್ಲದು. ಹೋಂವರ್ಕ್ ಬರೆಯುತ್ತಿದ್ದ ಗುಬ್ಬಿ ತಲೆ ಎತ್ತಿದಳು. "ಹಾಗಲ್ಲ. ಅಪ್ಪ, ನೀನು ಬಾಗಿಲು ದಢಾರ್ ಅಂತ ಹಾಕ್ತಿದ್ದೆ. ಅಮ್ಮ, ನೀನು ನಲ್ಲಿ ಜೋರಾಗಿ ಬಿಟ್ಟು ಅಳ್ತಿದ್ದೆ, ನನಗೆ ಕೇಳಿಸ್ಬಾರದು ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಭ್ಯಾಸ ಅಲ್ಲಿಗೇ ನಿಂತಿತು.

ತಪಾಸಣೆಯವನು ಸರಿಯಾಗಿ ಹತ್ತಕ್ಕೆ ಬಂದ. ಚಪ್ಪಲಿ ಎಣಿಸಿದ, ಟೂತ್‌ಬ್ರಷ್ ಎಣಿಸಿದ, ದಿಂಬು ಎತ್ತಿ ನೋಡಿದ. ಅವಳು ಕಣ್ಸನ್ನೆ ಮಾಡಿ, "ನೀವು ತುಂಬಾ ಕೆಟ್ಟೋರು" ಎಂದಳು. "ನೀನೂ ಅಷ್ಟೇ" ಎಂದ ಹಲ್ಲಪ್ಪ. ತಪಾಸಣೆಯವನು ಕಿವಿಗೇ ಹಾಕಿಕೊಳ್ಳದೆ ಅಡುಗೆಮನೆಯ ಡಬ್ಬಿಗಳನ್ನು ತೆರೆಯುತ್ತ ಹೋಗಿ, ಸಕ್ಕರೆ ಡಬ್ಬಿಯ ಪಕ್ಕದಿಂದ ಒಂದು ಇಡೀ ಕಟ್ಟುಹಲ್ಲನ್ನು ಎತ್ತಿ ಹಿಡಿದ.

"ಇದು ಯಾರದು?"

"ಯಾರದೂ ಅಲ್ಲ ಸಾರ್" ಎಂದ ಹಲ್ಲಪ್ಪ. "ಮಗಳ ಶಾಲೆಯಲ್ಲಿ ತೋರಿಸೋಕೆ ಅಂತ ಮೊನ್ನೆ ತಂದಿಟ್ಟೆ."

ಅವಳ ಮುಖ ಕೆಂಪಗಾಯಿತು. ಈಗ ನಾಟಕವಿರಲಿಲ್ಲ. "ರೀ! ಅಡುಗೆಮನೆಗೆ ಹಲ್ಲು ತರಬೇಡಿ ಅಂತ ಹನ್ನೊಂದು ವರ್ಷ ಬಡ್ಕೊಂಡೆ. ಅದಕ್ಕೇ ತಾನೇ ಮನೆ ಬಿಟ್ಟು ಬಂದಿದ್ದು? ಇಲ್ಲಿಗೂ ತಂದಿಟ್ಟಿದೀರಲ್ರೀ!"

"ತೊಳೆದಿಟ್ಟಿದ್ದೆ ಕಣೇ! ನಿನ್ನ ಸಕ್ಕರೆಯನ್ನೇನು ಕಚ್ಚಿತ್ತಾ ಅದು?"

ಅಲ್ಲಿಂದ ಒಂದು ಗಂಟೆ ಹಳೆಯದೆಲ್ಲ ಹೊರಬಿತ್ತು. ಅವನ ತಾಯಿ, ಇವಳ ಅಣ್ಣ, ಮಾರಿದ ಹೊಲಿಗೆ ಯಂತ್ರ, ಒಂದೂ ಉಳಿಯಲಿಲ್ಲ. ಪಕ್ಕದ ಮನೆಯ ಕಿಟಕಿಗಳು ತೆರೆದುಕೊಂಡವು. ಹಲ್ಲಪ್ಪ ಬಾಗಿಲನ್ನು ದಢಾರನೆ ಹಾಕಿಕೊಂಡು ಹೊರಟೇಹೋದ.

ವರದಿಯಲ್ಲಿ ಬರೆದಿದ್ದದ್ದು ಇಷ್ಟು: ಸದರಿ ಮಹಿಳೆ ಸದರಿ ಗಂಡಸನ್ನು ಇಪ್ಪತ್ತಾರು ಬಾರಿ 'ರೀ' ಎಂದು ಎಳೆದು ಕರೆದಿರುತ್ತಾರೆ. ಬೇರೆಯಾದವರು ಇಷ್ಟು ಮನಸ್ಸಿಟ್ಟು ಜಗಳವಾಡುವುದನ್ನು ನಾನು ಇಪ್ಪತ್ತು ವರ್ಷದ ಸೇವೆಯಲ್ಲಿ ಕಂಡಿಲ್ಲ. ಇಂಥ ಜಗಳ ನಮ್ಮ ಮನೆಯಲ್ಲಿ ಮಾತ್ರ ಕಂಡಿದ್ದೇನೆ. ಇವರು ಒಂದೇ ಸಂಸಾರ.

ಅವಳ ಸಹಾಯಧನ ನಿಂತಿತು. ಜೀವನಾಂಶ ಸೊನ್ನೆಯಾಯಿತು, ಕಾಲುಚೀಲದ ದುಡ್ಡೂ ಹೋಯಿತು. ಮೇಲ್ಮನವಿ ಹಾಕಿದರು. ವಿಚಾರಣೆಯ ದಿನ ಬೇರೆ ಬೇರೆ ಬಸ್ಸಿನಲ್ಲಿ ಬಂದು, ನಡುವೆ ಮೂರು ಕುರ್ಚಿ ಬಿಟ್ಟು ಕೂತರು. ಜಗಳ ಬೇಡ, ಮರ್ಯಾದೆ ಸಾಕು ಎಂದು ಈ ಸಲ ಮಾತಾಗಿತ್ತು.

"ತಾವು ಮೊದಲು ಹೇಳಿ ಮೇಡಂ" ಎಂದ ಹಲ್ಲಪ್ಪ.

"ಪರವಾಗಿಲ್ಲ, ತಾವೇ ಹೇಳಿ ಸಾರ್."

"ತಮ್ಮ ಮಗಳು ಕ್ಷೇಮವೇ?"

"ತಮ್ಮ ದಯೆಯಿಂದ ಚೆನ್ನಾಗಿದಾರೆ."

ವಯಸ್ಸಾದ ವಿಚಾರಣಾಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಛೆ, ಇಷ್ಟು ದೂರ ಆಗಿಬಿಟ್ಟಿದೀರಾ?" ಎಂದು ನಿಟ್ಟುಸಿರಿಟ್ಟು, ಇವರು ಬೇರೆಯಾದದ್ದು ಸತ್ಯ ಎಂದು ಐದೇ ನಿಮಿಷದಲ್ಲಿ ಸಹಿ ಹಾಕಿದರು. ಸಹಾಯಧನ ಮತ್ತೆ ಬಂತು, ಹಿಂದೆಯೇ ಕಾಲುಚೀಲದ ದುಡ್ಡೂ ಬಂತು.

ಆದೇಶದ ಪ್ರತಿ ಕೊಡಲು ಹೋದಾಗ ಹಲ್ಲಪ್ಪನ ಜೋಲುಮುಖ ನೋಡಿ ಕೌಂಟರಿನಾಕೆಗೆ ಏನನ್ನಿಸಿತೋ. "ಶಾಲೆಯ ಫೀಸು ನೀವೇ ಹೋಗಿ ಶಾಲೆಗೇ ಕಟ್ಟಿದ್ರೆ ಅದು ಉಡುಗೊರೆ ಲೆಕ್ಕಕ್ಕೆ ಬರಲ್ಲ" ಎಂದಳು. "ಯಾರ ಆದಾಯವೂ ಅಲ್ಲ ಅದು."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಲಿಲ್ಲವಲ್ಲ."

ಬೈಯಬೇಕೋ ಕೈ ಮುಗಿಯಬೇಕೋ ತಿಳಿಯಲಿಲ್ಲ. ನೇರ ಶಾಲೆಗೆ ನಡೆದ. ಊಟದ ಬಿಡುವಿನ ಗದ್ದಲದಲ್ಲಿ ಗುಮಾಸ್ತ ರಸೀದಿ ಪುಸ್ತಕ ಬಿಡಿಸಿ, ಮಗುವಿಗೆ ಏನಾಗಬೇಕು ಎಂದು ಕೇಳಿದ. "ಅಪ್ಪ" ಎಂದ ಹಲ್ಲಪ್ಪ. ಗುಮಾಸ್ತ ಅಷ್ಟನ್ನೇ ಬರೆದುಕೊಂಡು ರಸೀದಿ ಹರಿದು ಕೊಟ್ಟ. ಬೇರೇನೂ ಕೇಳಲಿಲ್ಲ. ಇನ್ನೊಂದು ಪ್ರಶ್ನೆ ಬಂದೀತೆಂದು ಹಲ್ಲಪ್ಪ ಸ್ವಲ್ಪ ಹೊತ್ತು ಅಲ್ಲೇ ಕಾದ.