ನಾನು ಗುಡಿಸಿ ಹಾಕಿದ ತಾಳ

2004ರ ಜೂನ್‌ನಲ್ಲಿ ರಾಜಾಜಿನಗರದ ಒಂದು ಸಣ್ಣ ಸಂಗೀತ ಸಭೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮಧ್ಯಾಹ್ನ ಎರಡು ಗಂಟೆಗೆ ಹೋದರೆ ನಾಲ್ಕಕ್ಕೆ ಮುಗಿಸಿ, ಮಗಳು ಸ್ಕೂಲಿನಿಂದ ಬರುವಷ್ಟರಲ್ಲಿ ಬಸವೇಶ್ವರನಗರದ ಮನೆ ಸೇರಬಹುದಿತ್ತು. ನಲವತ್ತೊಂದು ವರ್ಷದವರೆಗೆ ಅಡುಗೆಮನೆಯ ಹೊರಗೆ ಯಾವ ಹುದ್ದೆಯನ್ನೂ ಕಾಣದ ನನಗೆ ಅದೇ ದೊಡ್ಡ ಆಫೀಸು. ಸಭೆಯ ಬೀರುವಿನಲ್ಲಿದ್ದ ನೂರಾ ಹನ್ನೆರಡು ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸಿ, ಗೊರಗೊರ ಸದ್ದು ತೆಗೆದು, ಸಿ.ಡಿ. ಮಾಡಿ, ಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು ಬರೆಯಬೇಕು. ಕಾನ್ವೆಂಟಿನಲ್ಲಿ ಕಲಿತವಳು, ಅಕ್ಷರ ಚೆನ್ನಾಗಿದೆ ಎಂಬುದೇ ನನ್ನ ಅರ್ಹತೆ. ಕರ್ನಾಟಕ ಸಂಗೀತ ಕೇಳುತ್ತಿದ್ದೆ, ಕಲಿತಿರಲಿಲ್ಲ.

ಮೂವತ್ತೇಳನೆಯ ಕ್ಯಾಸೆಟ್ ಸರಸಮ್ಮನವರದು. ವಿಜಯನಗರದ ತಮ್ಮ ಮನೆಯ ನಡುಮನೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಟೀಚರ್. ನಾನು ಸೇರುವ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ತಂದೆ ಕಟ್ಟಿದ ಒಂದು ಕೃತಿ ಆ ಟೇಪಿನಲ್ಲಿ ಮಾತ್ರ ಉಳಿದಿತ್ತು. ಅದನ್ನು ಪೂರ್ತಿ ಕಲಿತ ಒಬ್ಬ ಶಿಷ್ಯೆಯೂ ಇರಲಿಲ್ಲ. ಕೊನೆಯ ಶಿಷ್ಯೆ ವಿಮಲಾಗೆ “ಮುಂದಿನ ವರ್ಷ ಹೇಳ್ಕೊಡ್ತೀನಿ” ಎಂದಿದ್ದರಂತೆ. ಆ ಮುಂದಿನ ವರ್ಷ ಬರಲಿಲ್ಲ. ಈಗ ವಿಮಲಾ ತಾನೇ ಹನ್ನೊಂದು ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಈ ಸಿ.ಡಿ.ಗಾಗಿ ವಾರಕ್ಕೊಮ್ಮೆ ಸಭೆಗೆ ಬಂದು ವಿಚಾರಿಸಿ ಹೋಗುತ್ತಿದ್ದಳು.

ಟೇಪಿಗೆ ಬೂಷ್ಟು ಹಿಡಿದಿತ್ತು. ಒಂದೇ ಸಲ ಪೂರ್ತಿ ಓಡಿತು. ಎರಡನೆಯ ಸಲಕ್ಕೆ ಪಟ್ಟೆಂದು ತುಂಡಾಗಿ, ಲೇಪವೆಲ್ಲ ಪುಡಿಪುಡಿಯಾಗಿ ಉದುರಿತು. ಸದ್ಯ, ಕಂಪ್ಯೂಟರಿಗೆ ಏರಿತ್ತಲ್ಲ ಎಂದುಕೊಂಡು ಸ್ವಚ್ಛಗೊಳಿಸಲು ಕೂತೆ. ಕೃತಿಯ ಉದ್ದಕ್ಕೂ ದಪ್, ದಪ್ ಎಂಬ ಸದ್ದು. ನೆಲದ ಮೇಲಿಟ್ಟ ಟೇಪ್‌ರೆಕಾರ್ಡರಿಗೆ ಯಾರದೋ ಕಾಲು ತಗಲುತ್ತಿದೆ ಎಂದು ನನ್ನ ಊಹೆ. ನಮ್ಮ ಸ್ಕೂಲಿನ ಕಾಯರ್‌ನಲ್ಲಿ ಹಾಡುವಾಗ ಬೆರಳು ಆಡಿಸಿದರೂ ಸಿಸ್ಟರ್ ಸ್ಕೇಲು ತೋರಿಸುತ್ತಿದ್ದರು. ಹಾಡೆಂದರೆ ಹಾಡು ಮಾತ್ರ. ಕೈಕಾಲಿನ ಸದ್ದು ಅಸಭ್ಯ. ಹಾಗಾಗಿ ಮಂದ್ರದ ಸದ್ದನ್ನು ಕತ್ತರಿಸುವ ಫಿಲ್ಟರ್ ಹಾಕಿದೆ. ದಪ್ ಹೋಯಿತು. ನಡುನಡುವೆ ಹೆಸರು ಗೊತ್ತಿಲ್ಲದ ಯಾರೋ ಶಿಷ್ಯೆ ದನಿಗೂಡಿಸಲು ಹೋಗಿ ತಪ್ಪಿ ಹಾಡಿದ್ದು, ಟೀಚರ್ ನಕ್ಕು ಏನೋ ಹೇಳಿದ್ದು, ಕುಕ್ಕರಿನ ವಿಷಲ್, ಎಲ್ಲವನ್ನೂ ತೆಗೆದೆ. ಡಿಸ್ಕಿನಲ್ಲಿ ಜಾಗ ಸಾಲದೆಂದು ಹಳೆಯ ಫೈಲಿನ ಮೇಲೆಯೇ ಹೊಸದನ್ನು ಸೇವ್ ಮಾಡಿದೆ. ಸಿ.ಡಿ.ಯ ಮೇಲೆ ಹೆಸರು ಬರೆದು, ಮೂಲೆಯಲ್ಲಿ ಒಂದು ಸಣ್ಣ ಹೂವನ್ನೂ ಬಿಡಿಸಿದೆ.

ನಾಲ್ಕು ದಿನ ಬಿಟ್ಟು ವಿಮಲಾ ಬಂದಳು. ಸಿ.ಡಿ. ಕೈಯಲ್ಲೇ ಇತ್ತು. ಕೋಪ ಇರಲಿಲ್ಲ; ರಾತ್ರಿ ನಿದ್ದೆ ಮಾಡಿಲ್ಲದ ಮುಖ.

“ಅಕ್ಕಾ, ಟೀಚರ್ ತೊಡೆ ತಟ್ಟಿ ತಾಳ ಹಾಕೋರಲ್ಲ, ಅದೆಲ್ಲಿ?”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು. ಆ ದಪ್ ಸದ್ದೇ ತಾಳ. ಪ್ರತಿ ಕೃತಿಗೂ ಎತ್ತುಗಡೆ ಎಂದು ಒಂದಿರುತ್ತದೆ, ತಾಳದ ಯಾವ ಜಾಗದಲ್ಲಿ ಹಾಡು ಶುರುವಾಗುತ್ತದೆ ಎಂಬುದು. ಪೆಟ್ಟಿನ ಜೊತೆಗೇ ಶುರುವಾಗಬಹುದು, ಪೆಟ್ಟು ಬಿದ್ದು ಸ್ವಲ್ಪ ಬಿಟ್ಟೂ ಆಗಬಹುದು. ಅದು ತಪ್ಪಿದರೆ ಸಾಹಿತ್ಯವೆಲ್ಲ ಓರೆಯಾಗುತ್ತದೆ. ಸರಸಮ್ಮ ಯಾವ ಕೃತಿಯನ್ನೂ ಬರೆಸುತ್ತಿರಲಿಲ್ಲ. ಬಾಯಿಂದ ಬಾಯಿಗೆ, ತೊಡೆಯ ಮೇಲಿನ ಕೈ ನೋಡಿಯೇ ಕಲಿಯಬೇಕು. ವಿಮಲಾ ಪೆಟ್ಟಿನ ಮೇಲೆಯೇ ಎತ್ತಿಕೊಂಡು ನೋಡಿದ್ದಳಂತೆ. ದೇವರ ಹೆಸರು ಎರಡು ತುಂಡಾಗಿ, ಅರ್ಧ ತಾಳದ ಒಂದು ಸುತ್ತಿಗೆ, ಅಂದರೆ ಒಂದು ಆವರ್ತಕ್ಕೆ, ಇನ್ನರ್ಧ ಮುಂದಿನದಕ್ಕೆ ಬೀಳುತ್ತಿತ್ತು.

ಸಭೆಯ ಕಾರ್ಯದರ್ಶಿ ಶ್ರೀಕಂಠಯ್ಯನವರು ಕಾಫಿ ಲೋಟ ಹಿಡಿದು ಎಲ್ಲ ಕೇಳಿಸಿಕೊಂಡರು. “ಏನಮ್ಮಾ, ಮನೆ ಗುಡಿಸ್ದಂಗೆ ಹಾಡನ್ನೂ ಗುಡಿಸ್ಬಿಟ್ರಲ್ಲ. ಕಸದ ಜೊತೆ ರಂಗೋಲೀನೂ ಹೋಯ್ತು” ಎಂದರು. ನಗಿಸಲೆಂದೇ ಹೇಳಿದ್ದು, ಆದರೂ ನನಗೆ ಅಳು ಬಂತು.

ವಿಮಲಾ ನನಗೆ ವಿವರಿಸಲೆಂದು ಆದಿತಾಳ ಹಾಕಿ ತೋರಿಸಿದಳು. ಒಂದು ಪೆಟ್ಟು, ಮೂರು ಬೆರಳೆಣಿಕೆ. ಆಮೇಲೆ ಒಂದು ಪೆಟ್ಟು, ಅಂಗೈ ಮಗುಚುವುದು. ಮತ್ತೆ ಪೆಟ್ಟು, ಮತ್ತೆ ಮಗುಚುವುದು. ಒಟ್ಟು ಎಂಟು ಎಣಿಕೆ. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಕೈ ತುಂಬ ಗಾಜಿನ ಬಳೆ. ಪೆಟ್ಟಿಗೆ ಎಲ್ಲ ಬಳೆಗಳೂ ಒಟ್ಟಿಗೆ ಝಲ್ ಎನ್ನುತ್ತಿದ್ದವು, ಕೈ ಮಗುಚಿದಾಗ ಒಂದರ ಹಿಂದೊಂದು ಕಿಣಿಕಿಣಿ ಜಾರುತ್ತಿದ್ದವು, ಬೆರಳೆಣಿಸುವಾಗ ಸುಮ್ಮನಿದ್ದವು.

“ವಿಮಲಾ, ಇನ್ನೊಂದ್ಸಲ ಹಾಕಿ.”

“ಯಾಕಕ್ಕಾ?”

“ಈ ಸದ್ದು ನಾನು ಕೇಳಿದೀನಿ.”

ಕಂಪ್ಯೂಟರಿನಲ್ಲಿ ಕೃತಿ ಹಚ್ಚಿದೆ. ಫಿಲ್ಟರ್ ಮಂದ್ರದ ಸದ್ದನ್ನು ಮಾತ್ರ ಕತ್ತರಿಸಿತ್ತು. ಮೇಲಿನ ಸಣ್ಣ ಸದ್ದುಗಳು ಹಾಗೇ ಇದ್ದವು. ಸಭೆಯ ಗೋಡೆಯ ಮೇಲಿದ್ದ ಫೋಟೋದಲ್ಲಿ ಸರಸಮ್ಮನವರ ಎರಡೂ ಕೈಗೆ ಹಸಿರು ಬಳೆ ಇದ್ದುದನ್ನು ಮೊದಲ ದಿನವೇ ಗಮನಿಸಿದ್ದೆ, ಸುಮ್ಮನೆ, ಚೆಂದ ಅಂತ. ಹೆಡ್‌ಫೋನಿನ ಒಂದು ಕಿವಿ ನನಗೆ, ಒಂದು ವಿಮಲಾಗೆ. ದನಿ ನಿಂತ ಕಡೆಯಲ್ಲೆಲ್ಲ, ದೂರದಲ್ಲಿ, ಝಲ್. ಮೂರೆಣಿಕೆ ಮೌನ. ಝಲ್, ಕಿಣಿಕಿಣಿ. ಝಲ್, ಕಿಣಿಕಿಣಿ.

ವಿಮಲಾ ಕಣ್ಣು ಮುಚ್ಚಿ ತೊಡೆಯ ಮೇಲೆ ಕೈಯಿಟ್ಟಳು. ಝಲ್ ಎಂದಾಗ ಅವಳ ಕೈಯೂ ಬಿತ್ತು. ಪೆಟ್ಟು ಬಿದ್ದು ಒಂದೂವರೆ ಎಣಿಕೆ ಕಳೆದ ಮೇಲೆ ಸರಸಮ್ಮ ಎತ್ತಿಕೊಳ್ಳುತ್ತಿದ್ದರು. ವಿಮಲಾ ಸಣ್ಣಗೆ ದನಿಗೂಡಿಸಿದಳು. ಈ ಸಲ ದೇವರ ಹೆಸರು ತುಂಡಾಗಲಿಲ್ಲ. ಇಡಿಯಾಗಿ ಮುಂದಿನ ಆವರ್ತದ ಮೊದಲ ಪೆಟ್ಟಿನ ಮೇಲೆ ಬಂದು ಕೂತಿತು. ಶ್ರೀಕಂಠಯ್ಯನವರ ಲೋಟದ ಕಾಫಿ ಆರಿಹೋಗಿತ್ತು.

ಎಲ್ಲವೂ ಸಿಕ್ಕಿತು ಎನ್ನಲಾರೆ. ನಾನು ಕತ್ತರಿ ಹಾಕಿದ್ದ ಕಡೆಗಳಲ್ಲಿ ಬಳೆಯ ಸದ್ದೂ ಕತ್ತರಿಸಿಹೋಗಿತ್ತು. ಚರಣದ ಕೊನೆಯ ಸಾಲಿಗೆ ಮೊದಲು ಟೀಚರ್ ನಕ್ಕು ಏನೋ ಹೇಳಿದ್ದರಲ್ಲ, ಅದು ಆ ಸಾಲನ್ನು ಎಲ್ಲಿ ಎತ್ತಿಕೊಳ್ಳಬೇಕು ಎಂಬ ಮಾತೇ ಇರಬೇಕೆಂದು ವಿಮಲಾಳ ಅನುಮಾನ. ಏನು ಹೇಳಿದರೆಂದು ನೆನಪಿಸಿಕೊಳ್ಳಲು ಇಂದಿಗೂ ಪ್ರಯತ್ನಿಸುತ್ತೇನೆ. ನಗು ನೆನಪಿದೆ, ಮಾತು ನೆನಪಿಲ್ಲ. ಆ ಸಾಲು ಬಿಟ್ಟು ಉಳಿದದ್ದನ್ನು ಮಕ್ಕಳಿಗೆ ಕಲಿಸಲು ವಿಮಲಾ ನಿರ್ಧರಿಸಿದಳು.

ಉಳಿದ ಎಪ್ಪತ್ತೈದು ಕ್ಯಾಸೆಟ್‌ಗಳಲ್ಲಿ ನಾನು ಏನನ್ನೂ ತೆಗೆಯಲಿಲ್ಲ. ಸಿ.ಡಿ.ಗಳ ಮೇಲೆ ಹೂವಿನ ಬದಲು “ಕುಕ್ಕರ್, ಸೊಪ್ಪಿನವಳ ಕೂಗು, ಬೈಗುಳ ಇದೆ” ಎಂದು ಬರೆದೆ. ಕೇಳಿಸಿದ್ದು ಏನೆಂದು ಗೊತ್ತಾಗದಿದ್ದರೆ ಗೊತ್ತಿದ್ದವರನ್ನು ಕೇಳಬೇಕು. ಕೇಳುವವರೆಗೆ ಅದು ಕಸವಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಡಿಸೆಂಬರ್‌ನಲ್ಲಿ ವಿಮಲಾ ಪಾಠಕ್ಕೆ ಕರೆದಳು. ಹನ್ನೊಂದು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಹಿಂದೆ ಗೋಡೆಗೊರಗಿ ಕೂತೆ. ಪೆಟ್ಟು ಬಿತ್ತು, ಒಂದೂವರೆ ಎಣಿಕೆ ಕಳೆಯಿತು, ಮಕ್ಕಳು ಎತ್ತಿಕೊಂಡರು. ಎರಡನೆಯ ಆವರ್ತದ ಹೊತ್ತಿಗೆ ನೋಡಿಕೊಂಡರೆ ನನ್ನ ಕೈಯೂ ತೊಡೆಯ ಮೇಲೆ ಬೀಳುತ್ತಿತ್ತು, ಸಾಕಷ್ಟು ಜೋರಾಗಿಯೇ.