ಸರಪಳಿ ನಿಂತ ಜಾಗ

ಜಾವಗಲ್ ಕಡೆಯ ಮರಿಯಣ್ಣ ಮೂವತ್ತೊಂದು ವರ್ಷ ಮೋಜಣಿದಾರರ ಹಿಂದೆ ಅಳತೆಯ ಸರಪಳಿ ಎಳೆದವನು. ಸುತ್ತಲ ಹಳ್ಳಿಗಳ ಹೊಲ, ತೋಟ, ಓಣಿಗಳೆಲ್ಲ ಅವನು ಹಿಡಿದ ಸರಪಳಿಯ ಲೆಕ್ಕದಲ್ಲೇ ನಕ್ಷೆಗೆ ಇಳಿದಿದ್ದವು. ತನ್ನ ಸ್ವಂತ ಊರನ್ನು ಅಳೆದ ದಿನ ಮಾತ್ರ ಸರಪಳಿ ಗೌಡರ ಕೊನೆಯ ಮನೆಯ ಹಿತ್ತಲಲ್ಲೇ ನಿಂತುಬಿಟ್ಟಿತು. ಅದರಾಚೆ ಇದ್ದದ್ದು ಮರಿಯಣ್ಣನ ಕೇರಿ. ಅಲ್ಲಿ ಕಾಲಿಡಲು ಮನಸ್ಸಿಲ್ಲದ ಮೋಜಣಿದಾರ ಮೂಗಿಗೆ ಕರ್ಚೀಫು ಹಿಡಿದು, "ಇಲ್ಲೇ ಗೂಟ ಹೊಡಿ, ಸಾಕು" ಅಂದ. ನೌಕರಿ ಹೋದರೆ ಹೊಟ್ಟೆಗೇನು? ಮರಿಯಣ್ಣ ಹುಟ್ಟಿದ ಮನೆಗೆ ಬೆನ್ನು ಮಾಡಿ ಗೂಟ ಹೊಡೆದ. ನಲವತ್ತು ಮನೆಯ ಕೇರಿ ನಕ್ಷೆಯಲ್ಲಿ ಖಾಲಿ ಗೋಮಾಳವಾಯಿತು. ಹಕ್ಕುಪತ್ರ ಕೇಳಲು ಹೋದವರಿಗೆಲ್ಲ ಕಚೇರಿಯಲ್ಲಿ ಒಂದೇ ಉತ್ತರ: "ಅಲ್ಲಿ ಮನೆಗಳೇ ಇಲ್ವಲ್ರೀ."

2001ರ ಅಕ್ಟೋಬರಿನಲ್ಲಿ, ಸೇನೆಯ ಬೇಹುಗಾರಿಕೆಗೆ ಒದಗುವ ಉಪಗ್ರಹ ಹಾರಿದ ಮರುದಿನ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಉಮೇಶ ಮೇಷ್ಟ್ರು ಪೇಪರು ಓದಿ ಹೇಳುತ್ತಿದ್ದರು. ನಿವೃತ್ತನಾಗಿದ್ದ ಮರಿಯಣ್ಣ ಹೊರಗಿನ ಕಲ್ಲಿನ ಮೇಲೆ ಕೂತು, ತಾನೇ ತೊಳೆದಿಡಬೇಕಾದ ಲೋಟದಲ್ಲಿ ಟೀ ಕುಡಿಯುತ್ತಿದ್ದ.

"ಐನೂರು ಕಿಲೋಮೀಟರ್ ಮೇಲಿಂದ ಒಂದು ಮೀಟರ್ ಅಗಲದ್ದೂ ಕಾಣ್ತದಂತೆ! ಶತ್ರುಗಳು ಒಂದು ಗುಡಾರಾನೂ ಬಚ್ಚಿಡಕ್ಕಾಗಲ್ಲ. ಮರಿಯಣ್ಣ, ಇನ್ನು ನಿಮ್ಮ ಕೇರೀನೂ ಕಾಣ್ತದೆ ಬಿಡು," ಎಂದು ಮೇಷ್ಟ್ರು ನಕ್ಕರು.

ಮರಿಯಣ್ಣ ಲೋಟ ತೊಳೆದು ಬೋರಲು ಹಾಕಿದ.

"ನಮ್ ಕೇರಿ ಅವತ್ತೂ ಚೆನ್ನಾಗೇ ಕಂಡಿತ್ತು ಸ್ವಾಮಿ," ಎಂದ. "ಕಂಡಿದ್ದಕ್ಕೇ ಅಲ್ವಾ, ಅಲ್ಲೇ ಗೂಟ ಹೊಡ್ಸಿದ್ದು?"